ಬ್ಯಾಕ್ ಆಡುವ ಹುಡುಗನ ಮೊಣಕಾಲು

ಕಲಬುರಗಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವ ಫುಟ್‌ಬಾಲ್ ಹುಡುಗರಲ್ಲಿ ಬ್ಯಾಕ್ ಆಡುವವನು, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್, ಯಾರೆಂದು ಕೇಳಬೇಕಾಗಿಲ್ಲ. ಅವನ ತೊಡೆಯ ಹೊರಬದಿಯಲ್ಲಿ ಚರ್ಮ ಕಿತ್ತು, ಮಾಯ್ದು, ಮತ್ತೆ ಕಿತ್ತ ಗುರುತು ಇರುತ್ತದೆ. ಜಾರಿ ಹೋಗಿ ಚೆಂಡು ಕಸಿದುಕೊಂಡ ಗುರುತು ಅದು. ಹುಡುಗ ಹೆಮ್ಮೆಯಿಂದ ತೋರಿಸುತ್ತಾನೆ, ಪಕ್ಕದಲ್ಲಿ ಕುಳಿತ ತಂದೆ ‘ಯಾರಿಗೂ ಹೆದರುವವನಲ್ಲ ಸರ್’ ಎನ್ನುತ್ತಾರೆ. ನನಗೆ ಮಾತ್ರ, ಈತ ಪ್ರತಿಸಲವೂ ಅರೆಗಳಿಗೆ ತಡವಾಗಿ ತಲುಪುತ್ತಿದ್ದಾನೆ ಎಂದೇ ಅನಿಸುತ್ತದೆ.

ಚೆಂಡಿಗಾಗಿ ನೆಲಕ್ಕೆ ಬೀಳುವುದು ಡಿಫೆಂಡರನ ಕೊನೆಯ ಉಪಾಯ. ಅದಕ್ಕೂ ಮೊದಲಿನ ಕೆಲಸವೆಲ್ಲ ನಿಲ್ಲುವ ಜಾಗಕ್ಕೆ ಸೇರಿದ್ದು. ಎದುರಾಳಿಯ ಸೊಂಟ ಯಾವ ಕಡೆ ತಿರುಗಿದೆ, ಪಾಸ್ ಕೊಡುವವನು ತಲೆ ಎತ್ತಿದ್ದಾನೆಯೇ, ತನ್ನ ಬೆನ್ನ ಹಿಂದೆ ಎಷ್ಟು ಜಾಗ ಖಾಲಿ ಬಿದ್ದಿದೆ, ಇಷ್ಟನ್ನೂ ಕಂಡು ಚೆಂಡು ಹೊರಡುವ ಮುನ್ನವೇ ಎರಡು ಹೆಜ್ಜೆ ಸರಿದಿರಬೇಕು. ಇದು ಕೈವಶವಾದವರು ಬಹುಕಾಲ ಆಡುತ್ತಾರೆ. ಇಟಲಿಯ ಪಾವೊಲೊ ಮಾಲ್ಡೀನಿ ಎಸಿ ಮಿಲಾನ್ ಕ್ಲಬ್ ಒಂದಕ್ಕೇ 25 ಋತು ಆಡಿ, 2009ರಲ್ಲಿ, ನಲವತ್ತು ತುಂಬಿದ ಮೇಲೆ ಬೂಟು ಬಿಚ್ಚಿಟ್ಟರು. ಅದೇ ದೇಶದ ಫಾಬಿಯೊ ಕನ್ನವಾರೊ ಸುಮಾರು ಐದು ಅಡಿ ಒಂಬತ್ತು ಇಂಚಿನವರು, ರಕ್ಷಣೆಯ ನಟ್ಟನಡುವೆ ನಿಲ್ಲುವ ಸೆಂಟರ್ ಬ್ಯಾಕ್‌ಗೆ ಗಿಡ್ಡವೇ. 2006ರಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿದ ಅವರಿಗೆ ಅದೇ ವರ್ಷ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಕೂಡ ಬಂತು. ‘ಎತ್ತರವಿದ್ದಾನೆ, ಮೈ ತುಂಬಿಕೊಂಡಿದ್ದಾನೆ, ಹಿಂದೆ ನಿಲ್ಲಿಸಿ’ ಎನ್ನುವ ನಮ್ಮೂರಿನ ಲೆಕ್ಕ ಹಳೆಯದಾಯಿತು. ತನ್ನ ತಂಡದವನು ಕಾಲಿನಿಂದ ಹಿಂದಕ್ಕೆ ಕೊಟ್ಟ ಬ್ಯಾಕ್ ಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂಬ ನಿಯಮ 1992ರಲ್ಲಿ ಬಂದಂದಿನಿಂದ ಡಿಫೆಂಡರನೂ ಕಾಲಿನಲ್ಲೇ ದಾರಿ ಹುಡುಕಿಕೊಳ್ಳಬೇಕಾಗಿದೆ.

ತಡವಾದದ್ದಕ್ಕೆ ಮೊದಲು ದಂಡ ತೆರುವುದು ಮೊಣಕಾಲು. ಎಸಿಎಲ್ ಎಂಬ ಲಿಗಮೆಂಟ್ (ಎಲುಬಿಗೆ ಎಲುಬು ಕಟ್ಟುವ ಪಟ್ಟಿ) ಅದರೊಳಗೆ ಓರೆಯಾಗಿ ಹಾದು, ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ ಹಿಡಿದಿರುತ್ತದೆ. ಅದು ಹರಿಯಲು ಯಾರೂ ಒದೆಯಬೇಕಾಗಿಲ್ಲ. ಗೋಲಿಗೆ ನುಗ್ಗುವ ಎದುರಾಳಿ ಫಾರ್ವರ್ಡ್ ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ಹೊರಳುತ್ತಾನೆ. ಜೋರಾಗಿ ಓಡಿಬಂದ ಬ್ಯಾಕ್ ಗಕ್ಕನೆ ನಿಂತು ತಿರುಗುತ್ತಾನೆ. ಪಾದ ನೆಲದಲ್ಲಿ ಊರಿರುತ್ತದೆ, ಮಂಡಿ ಸಾಕಷ್ಟು ಬಾಗಿರುವುದಿಲ್ಲ, ಮೈಭಾರ ಆಚೆ ವಾಲಿರುತ್ತದೆ. ಮಂಡಿ ಒಳಕ್ಕೆ ಕುಸಿಯುತ್ತದೆ. ‘ಟಕ್’ ಎಂದದ್ದು ಎಷ್ಟೋ ಸಲ ಹುಡುಗನಿಗೇ ಕೇಳಿಸಿರುತ್ತದೆ. ಒಂದೆರಡು ಗಂಟೆಯೊಳಗೆ ರಕ್ತ ತುಂಬಿ ಊದಿಕೊಳ್ಳುತ್ತದೆ. ವೃತ್ತಿಪರ ಪಂದ್ಯಗಳ ವಿಡಿಯೊ ಇಟ್ಟುಕೊಂಡು ನಡೆಸಿದ ಅಧ್ಯಯನಗಳಲ್ಲೂ, ಚೆಂಡಿದ್ದವನನ್ನು ಅಡ್ಡಗಟ್ಟಲು ನುಗ್ಗುವ ಗಳಿಗೆಯೇ ಈ ಗಾಯಕ್ಕೆ ಮುಖ್ಯ ಸಂದರ್ಭವಾಗಿ ಕಂಡಿದೆ.

ತೊಂದರೆಯೆಂದರೆ ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ನೆಟ್ಟಗೆ ನಡೆಯಲು ಅಡ್ಡಿಯಿರುವುದಿಲ್ಲ. ಉಳುಕೆಂದು ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಟೂರ್ನಿಗೆ ಹೊರಡುತ್ತಾರೆ. ಅಂಥವನನ್ನು ಮೇಜಿನ ಮೇಲೆ ಮಲಗಿಸಿ, ಮಂಡಿಯನ್ನು ತುಸು ಬಾಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಮಂಡಿಯ ಕೆಳಗಿನ ಭಾಗವನ್ನು ಮುಂದಕ್ಕೆ ಎಳೆಯುತ್ತೇನೆ. ಚೆನ್ನಾಗಿರುವ ಕಾಲಿನಲ್ಲಿ ಎಳೆತ ಒಂದು ಕಡೆ ಗಟ್ಟಿಯಾಗಿ ತಡೆಯುತ್ತದೆ. ಹರಿದ ಕಾಲಿನಲ್ಲಿ ಆ ತಡೆ ಸಿಗುವುದೇ ಇಲ್ಲ, ಎಲುಬು ಮೆತ್ತಗೆ ಮುಂದೆ ಬರುತ್ತದೆ. ತಂದೆಯನ್ನು ಕರೆದು ಎರಡೂ ಕಾಲು ತೋರಿಸುತ್ತೇನೆ. ಎಂಆರ್‌ಐ ಯಾಕೆ ಬೇಕೆಂದು ಆಮೇಲೆ ಅವರು ಕೇಳುವುದಿಲ್ಲ.

ನಮ್ಮ ಎರೆ ನೆಲದ ಪಾಲೂ ಇದರಲ್ಲಿದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಿಗಿದುಕೊಳ್ಳುತ್ತದೆ, ಮಳೆ ಬಿದ್ದರೆ ಬೂಟಿನಡಿ ಮುದ್ದೆಗಟ್ಟಿ ಮೆತ್ತಿಕೊಳ್ಳುತ್ತದೆ. ಟಿವಿಯಲ್ಲಿ ಕಂಡ, ಅಡಿಯಲ್ಲಿ ಗೂಟದಂಥ ಉದ್ದ ಸ್ಟಡ್‌ನ ಬೂಟು ಮೆತ್ತಗಿನ ಹುಲ್ಲಿಗೆ ಮಾಡಿದ್ದು. ಒಣನೆಲಕ್ಕೆ ಗಿಡ್ಡನೆಯ, ಒತ್ತಾದ ರಬ್ಬರ್ ಸ್ಟಡ್‌ಗಳದ್ದೇ ಸಾಕು, ಬೆಲೆಯೂ ಕಡಿಮೆ.

ಲಿಗಮೆಂಟ್ ಹರಿದರೆ ಆಟ ಮುಗಿಯಿತು ಎನ್ನುವ ಕಾಲ ಹೋಗಿದೆ. ಭಾರತ ತಂಡದ ಸೆಂಟರ್ ಬ್ಯಾಕ್ ಸಂದೇಶ್ ಝಿಂಗನ್ 2019ರ ಅಕ್ಟೋಬರ್‌ನಲ್ಲಿ ಮೊಣಕಾಲಿಗೆ ಗಾಯವಾಗಿ ದೇಶದ ಪ್ರಮುಖ ಲೀಗ್ ಐಎಸ್‌ಎಲ್‌ನ ಇಡೀ ಋತುವನ್ನು ಕಳೆದುಕೊಂಡರು. ಮರಳಿ ಬಂದ ಋತುವಿನಲ್ಲೇ ದೇಶದ ವರ್ಷದ ಆಟಗಾರ ಎನಿಸಿಕೊಂಡರು. ಲಿವರ್‌ಪೂಲ್‌ನ ವರ್ಜಿಲ್ ವಾನ್ ಡೈಕ್ 2020ರ ಅಕ್ಟೋಬರ್‌ನಲ್ಲಿ ಮೊಣಕಾಲಿಗೆ ಗಾಯವಾಗಿ ಬಿದ್ದವರು ಆ ಋತುವಿನಲ್ಲಿ ಮತ್ತೆ ಆಡಲಿಲ್ಲ. ಮುಂದಿನ ಋತುವಿನಲ್ಲಿ ರಕ್ಷಣೆಯ ಭಾರವೆಲ್ಲ ಮತ್ತೆ ಅವರ ಮೇಲೆಯೇ ಇತ್ತು. ಅಷ್ಟು ದೊಡ್ಡ ಕ್ಲಬ್ಬುಗಳೇ ಕಾಯುತ್ತವೆ ಎಂದ ಮೇಲೆ, ನಾಲ್ಕನೇ ತಿಂಗಳಿಗೆ ತಾಲ್ಲೂಕು ಟೂರ್ನಿಗೆ ಹುಡುಗನನ್ನು ಎಳೆದುಕೊಂಡು ಹೋಗುವವರಿಗೆ ಏನು ಅವಸರವೋ ನಾನು ಕಾಣೆ. ಶಸ್ತ್ರಚಿಕಿತ್ಸೆಯ ಬಳಿಕ ಒಂಬತ್ತು ತಿಂಗಳಿಗೆ ಮುನ್ನ ಮರಳಿದವರಲ್ಲಿ ಮತ್ತೆ ಹರಿಯುವುದು ಹೆಚ್ಚು. ತಿಂಗಳು ತುಂಬಿದರಷ್ಟೇ ಸಾಲದು. ಒಂಟಿಕಾಲಿನಲ್ಲಿ ಜಿಗಿಸಿ ಅಳೆಯುತ್ತೇನೆ, ಗಾಯದ ಕಾಲು ಇನ್ನೊಂದರ ಶೇ. 90ರಷ್ಟಾದರೂ ದೂರ ಜಿಗಿಯಬೇಕು.

ತಲೆಯ ವಿಷಯ. ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಕಟ್ಟಿದ ಸೈಯದ್ ಅಬ್ದುಲ್ ರಹೀಮ್ ಸಾಹೇಬರ ಹೆಸರು ಇಲ್ಲಿನ ಹಿರಿಯರಿಗೆ ಹೊಸದಲ್ಲ. ಅವರ ತರಬೇತಿಯಲ್ಲಿ ಭಾರತ 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಾಗ, ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಫಾರ್ವರ್ಡ್ ಮಾಡಿ ಆಡಿಸಿದರು, ಫೈನಲ್‌ನಲ್ಲಿ ಅವರು ಗೋಲನ್ನೂ ಹೊಡೆದರು. ರೋಮಾಂಚನವಾಗುವ ಕಥೆಯೇ, ಆದರೆ ಇಂದು ಹಾಗೆ ಯಾರನ್ನೂ ನಾನು ಇಳಿಸಲು ಬಿಡುವುದಿಲ್ಲ. ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರ ಬಗ್ಗೆ ಗ್ಲಾಸ್ಗೊ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆಗುಳಿತನದಂಥ ನರಕ್ಷಯ ರೋಗಗಳು ಡಿಫೆಂಡರುಗಳಲ್ಲಿ ಸಾಮಾನ್ಯ ಜನರಿಗಿಂತ ಸುಮಾರು ಐದು ಪಟ್ಟು ಕಂಡವು, ಗೋಲ್‌ಕೀಪರುಗಳಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಚೆಂಡನ್ನು ತಲೆಯಿಂದ ಹೊಡೆಯುವ ಹೆಡರ್ ಮೇಲೆ ಗುಮಾನಿ ಬಲವಾಗಿದೆ. ಸ್ಕಾಟ್ಲೆಂಡಿನಲ್ಲಿ 12ರೊಳಗಿನ ಮಕ್ಕಳಿಗೆ ಅಭ್ಯಾಸದಲ್ಲಿ ಹೆಡರ್ ಇಲ್ಲ. ಇಲ್ಲಿಯೂ ಅದನ್ನೇ ಪಾಲಿಸಲು ಕೋಚ್‌ಗಳಿಗೆ ಹೇಳುತ್ತೇನೆ. ಆ ವಯಸ್ಸಿನಲ್ಲಿ ಜಿಗಿಯುವ ಸಮಯ, ಕಾಲೂರುವ ರೀತಿ ಕಲಿತರೆ ಸಾಕು.

ಹುಡುಗನಿಗೆ ಕ್ಲಬ್ ಒಪ್ಪಂದ ಬರುವ ಹಂತದಲ್ಲಿ ಮನೆಯವರು ಹಳೆಯ ಗಾಯ ಮುಚ್ಚಿಡಲು ನೋಡುತ್ತಾರೆ. ಸಹಿಗೆ ಮುನ್ನ ಕ್ಲಬ್ಬಿನ ವೈದ್ಯರು ಮೊಣಕಾಲು ಎಳೆದು ನೋಡದೆ ಬಿಡುವುದಿಲ್ಲ, ಎಂಆರ್‌ಐಯಲ್ಲಿ ಶಸ್ತ್ರಚಿಕಿತ್ಸೆಯ ಗುರುತು ಅಳಿಯುವುದೂ ಇಲ್ಲ. ಆಪರೇಷನ್ನಿನ ವಿವರ, ಸ್ಕ್ಯಾನಿನ ಫಿಲ್ಮು, ಜಿಗಿತದ ಅಳತೆಯ ಹಾಳೆ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ಕೊಂಡೊಯ್ಯಿರಿ. ಪೂರ್ತಿ ಮಾಗಿದ ಗಾಯಕ್ಕೆ ಕಾಗದ ಇದ್ದರೆ ವೈದ್ಯರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.