ಜನಾಂಗೀಯ ನ್ಯಾಯದ ಮಾತಿಗೆ ಅಮೆರಿಕದಲ್ಲಿ ವೋಟು ಬೀಳುತ್ತಾ?

ಪ್ರಶ್ನೆ: ಅಮೆರಿಕದಲ್ಲಿ ಒಂದು ಯೋಜನೆಯನ್ನು ‘ಕಪ್ಪು ಜನರಿಗೆ ಸಿಗಬೇಕಾದ ನ್ಯಾಯ’ ಎಂದು ಮುಂದಿಟ್ಟರೆ ಬೆಂಬಲ ಹೆಚ್ಚುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಎಷ್ಟು ಸಲ ಹೀಗೆ ಉತ್ತರಿಸಿದರೂ ಅದೇ ಮಾತು ವಾಪಸ್ ಬರುತ್ತದೆ: ‘2020ರಲ್ಲಿ ಅಷ್ಟೊಂದು ಜನ ಬೀದಿಗಿಳಿದಿದ್ದರಲ್ಲ?’ ಇಳಿದಿದ್ದರು, ನಿಜ. ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ, ಜೂನ್‌ನಲ್ಲಿ, ಪ್ಯೂ ಎಂಬ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ. 67ರಷ್ಟು ಜನ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ (ಕಪ್ಪು ಜೀವಗಳಿಗೂ ಬೆಲೆಯಿದೆ) ಚಳವಳಿಯ ಪರ ಇದ್ದರು. ಸೆಪ್ಟೆಂಬರ್‌ನಲ್ಲಿ ಅದು 55ಕ್ಕೆ ಇಳಿಯಿತು. ಈ ಇಳಿಕೆಯನ್ನು ಪಕ್ಕಕ್ಕಿಡಿ. ಚಳವಳಿಯನ್ನು ಮೆಚ್ಚುವುದು ಬೇರೆ, ಒಂದು ಕಾನೂನಿಗೆ ಹೂಂ ಅನ್ನುವುದು ಬೇರೆ. ಇದನ್ನೇ ಜನ ಒಪ್ಪುವುದಿಲ್ಲ!

ಅದೇ ವರ್ಷದ ನವೆಂಬರ್‌ನ ಕ್ಯಾಲಿಫೋರ್ನಿಯಾ ನೋಡಿ. ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಬೈಡನ್‌ಗೆ ಸುಮಾರು ಶೇ. 63 ಮತ ಬಿತ್ತು. ಸರ್ಕಾರಿ ಕೆಲಸ, ಗುತ್ತಿಗೆ, ವಿಶ್ವವಿದ್ಯಾಲಯದ ಪ್ರವೇಶದಲ್ಲಿ ಜನಾಂಗವನ್ನು ಗಣಿಸಬಾರದು ಎಂಬ 1996ರ ನಿಷೇಧ ತೆಗೆಯಲು ಅದೇ ದಿನ ‘ಪ್ರಪೊಸಿಷನ್ 16’ ಎಂಬ ಪ್ರಸ್ತಾವವೂ ಜನರ ಮತಕ್ಕೆ ಬಂದಿತ್ತು. ಶೇ. 57 ಜನ ಬೇಡ ಎಂದರು. ಬಿಳಿಯರ ದ್ವೇಷ ಎಂದಷ್ಟೇ ಹೇಳಿ ಮುಗಿಸುವ ಹಾಗಿಲ್ಲ, ಅಲ್ಲಿ ಬಿಳಿಯರು ಬಹುಸಂಖ್ಯಾತರೇ ಅಲ್ಲ. ಫ್ಲಾಯ್ಡ್ ಸತ್ತ ಊರು ಮಿನಿಯಾಪೊಲಿಸ್. ಅಲ್ಲೇ 2021ರಲ್ಲಿ ಪೊಲೀಸ್ ಇಲಾಖೆಯ ಜಾಗಕ್ಕೆ ಹೊಸ ಸುರಕ್ಷತಾ ಇಲಾಖೆ ತರುವ ಪ್ರಸ್ತಾವವನ್ನು ಶೇ. 56 ಮತದಾರರು ತಳ್ಳಿಹಾಕಿದರು.

ಯೇಲ್ ವಿಶ್ವವಿದ್ಯಾಲಯದ ಮಿಕಾ ಇಂಗ್ಲಿಷ್, ಜೋಶುವಾ ಕಲ್ಲಾ ಇದನ್ನೇ 2021ರಲ್ಲಿ ಪರೀಕ್ಷಿಸಿದರು. ಕನಿಷ್ಠ ಕೂಲಿ, ವಿದ್ಯಾರ್ಥಿಗಳ ಸಾಲಮನ್ನಾ ಸೇರಿ ಆರು ಯೋಜನೆಗಳು. ಕೆಲವರಿಗೆ ಜನಾಂಗೀಯ ಸಮಾನತೆಯ ಕಾರಣ ಕೊಟ್ಟರು, ಕೆಲವರಿಗೆ ಬಡವ–ಶ್ರೀಮಂತರ ಅಂತರದ ಕಾರಣ, ಇನ್ನು ಕೆಲವರಿಗೆ ಎರಡನ್ನೂ. ಗೆದ್ದಿದ್ದು ಬಡವ–ಶ್ರೀಮಂತರ ಮಾತು. ನನಗೆ ಕಾರಣ ಸ್ಪಷ್ಟವಾಗಿಯೇ ಕಾಣುತ್ತದೆ. ಕನಿಷ್ಠ ಕೂಲಿ ಎಲ್ಲ ಬಣ್ಣದ ಕೂಲಿಯವರಿಗೂ ಸಿಗುತ್ತದೆ. ಒಂದೇ ಗುಂಪಿನ ಹೆಸರು ಹೇಳಿದರೆ ಉಳಿದವರು ‘ನನಗಲ್ಲ’ ಅಂದುಕೊಳ್ಳುತ್ತಾರೆ.

ಹಾಗಂತ ಅನ್ಯಾಯ ಕಂಡೂ ಸುಮ್ನೆ ಇರಿ ಎಂದು ನಾನು ಹೇಳುತ್ತಿಲ್ಲ. ಫ್ಲೋರಿಡಾದಲ್ಲಿ ಗಂಭೀರ ಅಪರಾಧದ ಶಿಕ್ಷೆ ಮುಗಿಸಿದವರಿಗೂ ಮತದ ಹಕ್ಕು ಇರಲಿಲ್ಲ. ಅದರ ಏಟು ಜಾಸ್ತಿ ಬಿದ್ದಿದ್ದು ಕಪ್ಪು ಜನರಿಗೆ. ಸ್ವತಃ ಜೈಲು ಕಂಡಿದ್ದ ಡೆಸ್ಮಂಡ್ ಮೀಡ್ ಮತ್ತು ಅವರ ಜೊತೆಗಾರರು ‘ಎರಡನೇ ಅವಕಾಶ’ ಎಂದು ಎಲ್ಲರ ಮನೆ ಬಾಗಿಲಿಗೂ ಹೋದರು. ಆ ಹಕ್ಕು ಮರಳಿಸುವ ಪ್ರಸ್ತಾವ ಗೆಲ್ಲಲು ಬೇಕಿದ್ದದ್ದು ಶೇ. 60 ಮತ. 2018ರಲ್ಲಿ ಸುಮಾರು ಶೇ. 64.5 ಬಿತ್ತು.

ಗೆದ್ದ ಮೇಲೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ, ಕೇಳಬೇಕು. ಮರುವರ್ಷವೇ ಶಾಸಕರು ಹೊಸ ಕಾನೂನು ತಂದರು: ಕೋರ್ಟಿನ ದಂಡ, ಶುಲ್ಕ ಎಲ್ಲ ಕಟ್ಟಿದ ಮೇಲೆಯೇ ಮತ. 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಯಾರದು ಎಷ್ಟು ಬಾಕಿ ಎಂದು ಒಂದೇ ಕಡೆ ನೋಡುವ ಪಟ್ಟಿ ಸರ್ಕಾರದ ಹತ್ತಿರವೇ ಇರಲಿಲ್ಲ.