ಫಲಕ ಕಂದಾದರೆ ಮೇವು ಸಿದ್ಧವಾಯಿತೆಂದಲ್ಲ

ಅಬಲೋನ್ ಎಂಬ ಕಡಲ ಬಸವನಹುಳುವಿನ ನರ್ಸರಿಯಲ್ಲಿ ಮರಿಗಳು ಒಂದೇ ಸಮನೆ ಸಾಯುವುದಿಲ್ಲ. ಮೇವು ಬೆಳೆಸಿದ ಫಲಕಕ್ಕೆ ಅಂಟಿದ ಮೊದಲ ವಾರದಲ್ಲಿ ಒಂದಷ್ಟು ಹೋಗುತ್ತವೆ, ಮೂರು-ನಾಲ್ಕನೇ ವಾರದ ಸುಮಾರಿಗೆ ಮತ್ತೆ ದೊಡ್ಡ ಇಳಿತ ಕಾಣುತ್ತದೆ. ಈ ಎರಡನೇ ಇಳಿತಕ್ಕೆ ನೀರನ್ನೋ ರೋಗವನ್ನೋ ದೂರುವುದು ರೂಢಿ. ಫಲಕದ ತುಂಬ ಡಯಾಟಮ್ (ಮರಿ ಮೇಯುವ ಕಂದು ಬಣ್ಣದ ಏಕಕೋಶ ಪಾಚಿ) ಇರುವಾಗ ಮೇವಿನ ಮೇಲೆ ಯಾರಿಗೆ ಅನುಮಾನ ಬಂದೀತು? ಬಹಳ ಸಲ ಎಡವಟ್ಟಾಗಿರುವುದು ಅಲ್ಲೇ.

ಈಜುವ ಲಾರ್ವಾ ಡಯಾಟಮ್ ತಿನ್ನುವುದಿಲ್ಲ. ಮೊಟ್ಟೆಯಿಂದ ಬಂದ ಭಂಡಾರವೇ ಅದರ ಬುತ್ತಿ. ಅಂಟಿಕೊಂಡು ರೂಪಾಂತರವಾದಾಗ ಚಿಪ್ಪಿನ ಉದ್ದ ಸುಮಾರು 0.3 ಮಿ.ಮೀ. ಒಂದೆರಡು ದಿನದಲ್ಲಿ ಕೆರೆದು ತಿನ್ನಲು ತೊಡಗುತ್ತದೆ. ಆದರೆ ಅಷ್ಟು ಸಣ್ಣ ರಾಡುಲಾಕ್ಕೆ (ಕೆರೆದು ತಿನ್ನುವ ಹಲ್ಲುನಾಲಗೆ) ಡಯಾಟಮ್‌ನ ಸಿಲಿಕಾ ಕವಚ ಸಾಮಾನ್ಯವಾಗಿ ಒಡೆಯುವುದಿಲ್ಲ. ಡಯಾಟಮ್ ಸ್ರವಿಸಿದ ಲೋಳೆ, ಅದರಲ್ಲಿರುವ ಬ್ಯಾಕ್ಟೀರಿಯಾ, ಉಳಿದ ಭಂಡಾರ, ಇಷ್ಟರಲ್ಲೇ ಬೆಳೆಯುತ್ತದೆ. 0.8 ಮಿ.ಮೀ. ಹತ್ತಿರ ಬರುವಾಗ ಇದು ಸಾಲುವುದಿಲ್ಲ, ಕೋಶದೊಳಗಿನ ಸತ್ವವೇ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಒಡೆಯದ ಡಯಾಟಮ್ ಎಷ್ಟು ದಟ್ಟವಾಗಿದ್ದರೂ ಮರಿ ಹಸಿದೇ ಇರುತ್ತದೆ.

ಪರೀಕ್ಷೆ ಸುಲಭ. ಮರಿಯ ಹಿಕ್ಕೆಯೊಂದನ್ನು ಪಿಪೆಟ್‌ನಿಂದ ಹೀರಿ ಸ್ಲೈಡ್ ಮೇಲೆ ಹಾಕಿ, ಕವರ್‌ಸ್ಲಿಪ್ ಒತ್ತಿ 400 ಪಟ್ಟು ವರ್ಧನೆಯಲ್ಲಿ ನೋಡಿ. ಖಾಲಿ, ಸೀಳಿದ ಕವಚಗಳು ಕಂಡರೆ ಜೀರ್ಣವಾಗುತ್ತಿದೆ. ಹೊಂಬಣ್ಣದ ಒಳದ್ರವ್ಯ ಹಾಗೇ ಇರುವ ಕೋಶಗಳು, ಕೆಲವೊಮ್ಮೆ ಇನ್ನೂ ತೆವಳುವಂಥವು ಕಂಡರೆ, ಮೇವು ಕರುಳನ್ನು ಹಾಯ್ದು ಬಂದಿದೆ ಅಷ್ಟೇ. ವಾರಕ್ಕೆರಡು ಬಾರಿ ಇದನ್ನು ನೋಡುವುದು ಫಲಕದ ಬಣ್ಣ ನೋಡುವುದಕ್ಕಿಂತ ಎಷ್ಟೋ ಮೇಲು.

ಒಡೆಯುವುದು ಬಿಡುವುದು ಡಯಾಟಮ್ ಜಾತಿಯ ಮೇಲೆ ನಿಂತಿದೆ. ಸಿಲಿಂಡ್ರೋಥೀಕಾ ಕ್ಲೋಸ್ಟೀರಿಯಂನ ಕವಚ ತೆಳು, ಬೇಗ ಒಡೆಯುತ್ತದೆ. ಕೊಕೊನೀಸ್ ತಳಕ್ಕೆ ಎಷ್ಟು ಬಿಗಿಯಾಗಿ ಅಂಟಿರುತ್ತದೆಂದರೆ ಕೀಳುವ ಎಳೆತಕ್ಕೇ ಕವಚ ಬಿರಿದು ಒಳಸತ್ವ ಬಾಯಿಗೆ ಸಿಗುತ್ತದೆ; ಆದರೆ ತೀರ ಎಳೆಯ ಮರಿಗೆ ಅದನ್ನು ಕೀಳಲು ಬಲವಿರದು, ಅದು ಬೆಳೆಯುವುದೂ ನಿಧಾನ. ನಾವಿಕುಲಾ, ನಿಟ್ಜ್‌ಶಿಯಾ ಗುಂಪುಗಳಲ್ಲಿ ಸಡಿಲವಾಗಿ ಕೂರುವ ಹಲವು ಜಾತಿಗಳು ಇಡಿಯಾಗಿ ನುಂಗಲ್ಪಟ್ಟು ಇಡಿಯಾಗಿಯೇ ಹೊರಬರುತ್ತವೆ. ಹಾಗಾಗಿ ಒಂದೇ ಜಾತಿಯನ್ನು ನೆಚ್ಚಿಕೊಳ್ಳದೆ, ಚಪ್ಪಟೆಯಾಗಿ ಅಂಟುವ ಜಾತಿಗಳ ತಳಪದರ ಮಾಡಿ, ಮೂರನೇ ವಾರದಿಂದ ಬೇಗ ಒಡೆಯುವಂಥದ್ದನ್ನು ಮೇಲಿಂದ ಸೇರಿಸುವುದು ಒಳ್ಳೆಯದು.

ಫಲಕಗಳನ್ನು ಲಾರ್ವಾ ಬಿಡುವ ಒಂದೆರಡು ವಾರ ಮೊದಲೇ ತೊಟ್ಟಿಗಿಳಿಸಿ. 1 ಮೈಕ್ರಾನ್ ಸೋಸಿದ ಕಡಲನೀರು ತುಂಬಿ, ಬೆಳೆಸಿಟ್ಟ ಡಯಾಟಮ್ ಕಲ್ಚರ್ ಸುರಿದು, ಕೋಶಗಳು ಕೂರಲು ಒಂದು ದಿನ ನೀರು, ಗಾಳಿ ಎರಡನ್ನೂ ನಿಲ್ಲಿಸಿ. ಮರುದಿನ ಫಲಕದ ಚೌಕಟ್ಟನ್ನು ತಿರುವಿ ಇಟ್ಟು ಮತ್ತೊಮ್ಮೆ ಸುರಿದರೆ ಎರಡೂ ಬದಿ ಸಮನಾಗಿ ಹಿಡಿಯುತ್ತದೆ. ಪೋಷಕಾಂಶಕ್ಕೆ ಎಫ್/2 ಎಂಬ, ಪಾಚಿ ಬೆಳೆಸುವ ರೂಢಿಯ ಅಳತೆ ಸಾಕು: ಲೀಟರಿಗೆ ಸೋಡಿಯಂ ನೈಟ್ರೇಟ್ 75 ಮಿ.ಗ್ರಾಂ., ಸೋಡಿಯಂ ಫಾಸ್ಫೇಟ್ 5 ಮಿ.ಗ್ರಾಂ., ಸೋಡಿಯಂ ಮೆಟಾಸಿಲಿಕೇಟ್ 30 ಮಿ.ಗ್ರಾಂ., ಜೊತೆಗೆ ಸೂಕ್ಷ್ಮ ಲೋಹ ಮತ್ತು ವಿಟಮಿನ್. ಸಿಲಿಕೇಟ್ ಮರೆತರೆ ಡಯಾಟಮ್ ಹಿಂದೆ ಬಿದ್ದು ಹಸಿರು ಪಾಚಿ ಮುಂದೆ ಬರುತ್ತದೆ.

ಪದರ ತೆಳುವಾಗಿರಲಿ. ಬೆಳಕು ಹೆಚ್ಚಾದರೆ ಮೆಲೊಸೈರಾದಂಥ ಸರಪಳಿ ಡಯಾಟಮ್‌ಗಳು ಎದ್ದು ನಿಲ್ಲುತ್ತವೆ, 0.3 ಮಿ.ಮೀ. ಮರಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ದಪ್ಪ ಪದರದೊಳಗೆ ರಾತ್ರಿ ಆಮ್ಲಜನಕ ಕುಸಿಯುತ್ತದೆ, ಹಗಲು ಪಿಎಚ್ ಏರುತ್ತದೆ. ಕೊನೆಗೆ ಪದರವೇ ಸುಲಿದು ಮರಿಗಳ ಸಮೇತ ತಳಕ್ಕೆ ಬೀಳುತ್ತದೆ. ಪದರ ದಪ್ಪವಾಗತೊಡಗಿದರೆ ನೆರಳುಬಲೆ ಹೆಚ್ಚಿಸಿ, ಪೋಷಕಾಂಶ ನಿಲ್ಲಿಸಿ. ಡಯಾಟಮ್ ಮೇಯುವ ಕೋಪೆಪಾಡ್ ಎಂಬ ಪುಟ್ಟ ಕಠಿಣಚರ್ಮಿಗಳು ಹೆಚ್ಚಿದರೆ ಎರಡು-ಮೂರು ದಿನದಲ್ಲೇ ಫಲಕ ಬೋಳಾಗಬಹುದು, ಆದ್ದರಿಂದ ಸೋಸುಚೀಲವನ್ನು ನಿತ್ಯ ನೋಡಿ.

ಮರಿ 2-3 ಮಿ.ಮೀ. ದಾಟಿದ ಮೇಲೆ ಸಮಸ್ಯೆ ತಿರುಗುಮುರುಗು. ಆಗ ಎಷ್ಟು ಬೆಳೆಸಿದರೂ ಮೇವು ಹಿಂದುಳಿಯುತ್ತದೆ. ಫಲಕದಲ್ಲಿ ಬಿಳಿ ತೇಪೆಗಳು ಕಂಡ ದಿನವೇ ಬೆಳಕು, ಪೋಷಕಾಂಶ ಏರಿಸಿ, ಇಲ್ಲವೇ ಹೊಸ ಫಲಕಗಳನ್ನು ನಡುವೆ ತೂರಿಸಿ ಮರಿಗಳು ತಾವೇ ಹರಡಿಕೊಳ್ಳಲು ಬಿಡಿ. 5-10 ಮಿ.ಮೀ. ಆದಾಗ ಕಡಲಪಾಚಿ ಅಥವಾ ತಯಾರಿ ಮೇವಿಗೆ ಬದಲಿಸಲು ಬಿಡಿಸಬೇಕಾಗುತ್ತದೆ; ಅರಿವಳಿಕೆ ಕೊಟ್ಟು ಮೆತ್ತನೆ ಬ್ರಷ್‌ನಿಂದ ತಳ್ಳಿ. ಅಬಲೋನ್ ರಕ್ತ ನಮ್ಮದರಂತೆ ಹೆಪ್ಪುಗಟ್ಟುವುದಿಲ್ಲ, ಕಾಲಿಗೆ ತಗುಲಿದ ಸಣ್ಣ ಗೀರಿನಿಂದಲೂ ಮರಿ ಸಾಯಬಹುದು.