ಹತ್ತಿಯ ಬಿಳುಪು, ಹಿಮಬಂಡೆಯ ನೀಲಿ: ಯೋಕುಲ್‌ಸಾರ್ಲೋನ್ ಸರೋವರವನ್ನು ನಾಲ್ಕು ಋತುಗಳಲ್ಲಿ ಛಾಯಾಚಿತ್ರಿಸುವ ಬಗೆ

ರಾಯಚೂರಿನ ಮಾರುಕಟ್ಟೆಗೆ ಹತ್ತಿ ಬರುವ ದಿನಗಳಲ್ಲಿ ಬೆಳಗಿನ ಬಿಸಿಲಿನಲ್ಲಿ ಬಿದ್ದ ಹತ್ತಿಯ ರಾಶಿಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು, ಮನೆಗೆ ಬಂದು ನೋಡಿದಾಗ ಅದು ಬೂದಿ ಬಣ್ಣಕ್ಕೆ ತಿರುಗಿರುವುದನ್ನು ಕಂಡವರಿಗೆ ಹಿಮದ ಛಾಯಾಗ್ರಹಣದ ಮೊದಲ ಪಾಠ ಆಗಲೇ ಆಗಿದೆ. ನನಗೂ ಆ ಪಾಠ ಅಲ್ಲಿಯೇ ಆಯಿತು. ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ತನ್ನೆದುರಿಗೆ ಏನೇ ಇರಲಿ, ಅದನ್ನು ಮಧ್ಯಮ ಬೂದು ಎಂದೇ ಎಣಿಸಿ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಬಿಳುಪೇ ಇದ್ದಾಗ ಬೆಳಕು ಹೆಚ್ಚಾಯಿತೆಂದು ತಿಳಿದು ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣವನ್ನು, ತಗ್ಗಿಸಿಬಿಡುತ್ತದೆ. ಹೀಗಾಗಿ ಹತ್ತಿಯಾಗಲಿ ಹಿಮವಾಗಲಿ, ಬಿಳಿಯದನ್ನು ಬಿಳಿಯಾಗಿಯೇ ಪಡೆಯಬೇಕಾದರೆ ಎಕ್ಸ್‌ಪೋಷರ್ ಕಾಂಪನ್ಸೇಷನನ್ನು ಒಂದರಿಂದ ಎರಡು ಸ್ಟಾಪ್‌ಗಳಷ್ಟು (ಒಂದು ಸ್ಟಾಪ್ ಏರಿಸುವುದೆಂದರೆ ಬೆಳಕನ್ನು ಇಮ್ಮಡಿ ಮಾಡುವುದು) ಏರಿಸಬೇಕಾಗುತ್ತದೆ. ಎಷ್ಟು ಏರಿಸಬೇಕೆಂಬುದನ್ನು ಕ್ಯಾಮೆರಾದ ಪರದೆಯ ಹೊಳಪನ್ನು ನಂಬಿ ತೀರ್ಮಾನಿಸಬಾರದು. ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳ ಹಂಚಿಕೆಯನ್ನು ತೋರಿಸುವ ಗ್ರಾಫ್ ಆದ ಹಿಸ್ಟೋಗ್ರಾಮಿನ ಗುಡ್ಡ ಬಲಗಡೆಯ ಗೋಡೆಯ ಸಮೀಪಕ್ಕೆ ಬಂದು, ಗೋಡೆಯನ್ನು ತಾಗದೆ ನಿಂತಿದೆಯೇ ಎಂದು ನೋಡಬೇಕು. ತಾಗಿದರೆ ಹತ್ತಿಯ ಎಳೆ ಕಾಣುವುದಿಲ್ಲ, ಹಿಮದ ಕಣವೂ ಕಾಣುವುದಿಲ್ಲ.

ಈ ಟಿಪ್ಪಣಿ ನಮ್ಮ ಭಾನುವಾರದ ಅಭ್ಯಾಸಕ್ಕೆ ಬರುವ ಗೆಳೆಯರಿಗಾಗಿ ಬರೆದದ್ದು. ವಿಷಯ ಐಸ್‌ಲ್ಯಾಂಡಿನದು, ಆದರೆ ಅದರ ಬಹುಪಾಲು ತಾಲೀಮನ್ನು ರಾಯಚೂರು, ಕೊಪ್ಪಳದ ನೆಲದಲ್ಲಿಯೇ ಮಾಡಬಹುದು ಎಂಬುದು ನನ್ನ ದೃಢವಾದ ನಂಬಿಕೆ.

ಸರೋವರದ ಸ್ವರೂಪ

ಯೋಕುಲ್‌ಸಾರ್ಲೋನ್ ಎಂದರೆ ಹಿಮನದಿಯಿಂದ ಹರಿದ ಹೊಳೆಯ ಹಿನ್ನೀರು ಎಂದು ಅರ್ಥ. ಐಸ್‌ಲ್ಯಾಂಡಿನ ಆಗ್ನೇಯ ಕರಾವಳಿಯಲ್ಲಿ, ಸುಮಾರು 64 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇದು ಇದೆ. ವಾಟ್ನಾಯೋಕುಲ್ ಎಂಬ ವಿಶಾಲವಾದ ಹಿಮಹಾಸಿನಿಂದ ಕೆಳಗಿಳಿದು ಬರುವ ಬ್ರೇಡಾಮೆರ್ಕುರ್‌ಯೋಕುಲ್ ಎಂಬ ಹಿಮನದಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಹುಮಟ್ಟಿಗೆ ಕಡಲಿನವರೆಗೆ ಚಾಚಿಕೊಂಡಿತ್ತು. ಬಳಿಕ ಅದು ಹಿಂದೆ ಸರಿಯುತ್ತ ಹೋದಂತೆ, ತಾನೇ ಕೊರೆದಿದ್ದ ಆಳವಾದ ತಗ್ಗಿನಲ್ಲಿ ನೀರು ನಿಂತು, 1930ರ ದಶಕದ ನಡುವಿನಲ್ಲಿ ಸರೋವರ ಮೂಡತೊಡಗಿತು. ಇಂದು ಅದರ ಆಳ 240 ಮೀಟರಿಗೂ ಹೆಚ್ಚು, ಮತ್ತು ಹಿಮನದಿ ಹಿಂದೆ ಸರಿದಷ್ಟೂ ಅದು ಇನ್ನೂ ಹಿಗ್ಗುತ್ತಲೇ ಇದೆ. ಸರೋವರದಿಂದ ಕಡಲಿಗೆ ಹೋಗುವ ಹೊಳೆ ತೀರಾ ಗಿಡ್ಡದು. ಅದರ ಮೇಲೆ 1967ರಲ್ಲಿ ಸೇತುವೆ ಕಟ್ಟಲಾಯಿತು. 2017ರಲ್ಲಿ ಈ ಪ್ರದೇಶ ವಾಟ್ನಾಯೋಕುಲ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು, 2019ರಲ್ಲಿ ಆ ಉದ್ಯಾನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಛಾಯಾಗ್ರಾಹಕನಿಗೆ ಇದರಲ್ಲಿ ಮುಖ್ಯವಾದದ್ದು ಆ ಗಿಡ್ಡ ಹೊಳೆಯೇ. ಭರತ ಬಂದಾಗ ಕಡಲಿನ ಉಪ್ಪುನೀರು ಸೇತುವೆಯ ಕೆಳಗಿನಿಂದ ಸರೋವರದೊಳಕ್ಕೆ ನುಗ್ಗುತ್ತದೆ. ಆ ಹೊತ್ತಿನಲ್ಲಿ ಹಿಮಬಂಡೆಗಳು ಹೊರಗೆ ಹೋಗಲಾರದೆ ಒಳಗಡೆಯೇ ಗುಂಪುಗೂಡಿ ನಿಲ್ಲುತ್ತವೆ. ಇಳಿತ ಶುರುವಾದೊಡನೆ ಸೆಳೆತ ತಿರುಗುತ್ತದೆ, ಬಂಡೆಗಳು ಒಂದರ ಹಿಂದೆ ಒಂದು ಕಡಲಿಗೆ ಹೊರಡುತ್ತವೆ, ಅವುಗಳಲ್ಲಿ ಕೆಲವನ್ನು ಅಲೆಗಳು ಒಡೆದು ಪಕ್ಕದ ಕಪ್ಪು ಮರಳಿನ ದಂಡೆಗೆ ತಂದು ಹಾಕುತ್ತವೆ. ಆದ್ದರಿಂದ ಅಲ್ಲಿಗೆ ಹೋಗುವವರು ಸೂರ್ಯೋದಯದ ವೇಳೆಯ ಜೊತೆಗೆ ಭರತ ಇಳಿತಗಳ ಪಟ್ಟಿಯನ್ನೂ ನೋಡಿಕೊಂಡಿರಬೇಕು. ಒಳಗಿನ ಸರೋವರಕ್ಕೆ ಭರತದ ಹೊತ್ತು ಒಳ್ಳೆಯದು, ಹೊರಗಿನ ದಂಡೆಗೆ ಇಳಿತದ ಹೊತ್ತು.

ಬಿಳಿ ಏಕೆ, ನೀಲಿ ಏಕೆ

ಕಳೆದ ಏಪ್ರಿಲ್‌ನಲ್ಲಿ ಐಸ್ ಕಾರ್ಖಾನೆಯಿಂದ ಒಂದು ತುಂಡು ಮಂಜುಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ತಂದು, ಮಾಳಿಗೆಯ ಮೇಲೆ ಕಪ್ಪು ಪ್ಲಾಸ್ಟಿಕ್ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟಿದ್ದೆ. ಗರಗಸದಿಂದ ಕೊಯ್ದ ಆ ತುಂಡಿನ ಅಂಚು ಗಾಜಿನಂತೆ ತಿಳಿಯಾಗಿತ್ತು, ನಡುವೆ ಮಾತ್ರ ಹಾಲಿನಂಥ ಬಿಳಿ. ಕಣ್ಣನ್ನು ಹತ್ತಿರಕ್ಕೆ ತಂದು ನೋಡಿದರೆ ಆ ಬಿಳಿಯಲ್ಲಿ ಸೂಜಿಯಂತೆ ಉದ್ದಕ್ಕೆ ನಿಂತ ಗಾಳಿಯ ಗುಳ್ಳೆಗಳು ಸಾಲುಸಾಲಾಗಿ ಕಾಣುತ್ತಿದ್ದವು. ನೀರು ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುವಾಗ ಕರಗಿದ್ದ ಗಾಳಿ ನಡುವಿಗೆ ತಳ್ಳಲ್ಪಟ್ಟು, ಹೋಗಲು ದಾರಿಯಿಲ್ಲದೆ ಅಲ್ಲಿಯೇ ಸಿಕ್ಕಿಬಿದ್ದದ್ದು ಅದು. ಬೆಳಕು ಗುಳ್ಳೆಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದರಿ ಹೊರಬರುವುದರಿಂದ ಕಣ್ಣಿಗೆ ಬಿಳಿ ಕಾಣುತ್ತದೆ.

ಹಿಮನದಿಯಲ್ಲಿ ಇದಕ್ಕೆ ತಿರುಗುಮುರುಗಾದ ಕೆಲಸ ನಡೆಯುತ್ತದೆ. ಬಿದ್ದ ಹಿಮದ ಮೇಲೆ ಹಿಮ ಬಿದ್ದು, ಆ ಭಾರಕ್ಕೆ ಗಾಳಿಯ ಗುಳ್ಳೆಗಳು ಹೊರದೂಡಲ್ಪಟ್ಟು ಅಥವಾ ಕುಗ್ಗಿಹೋಗಿ, ಮಂಜುಗಡ್ಡೆ ದಟ್ಟವಾಗುತ್ತದೆ. ಅಂಥ ದಟ್ಟವಾದ ಗಡ್ಡೆಯೊಳಗೆ ಬೆಳಕು ಚದರದೆ ಬಹುದೂರ ಸಾಗಬಲ್ಲದು. ಸಾಗುವಾಗ ಕೆಂಪು ಭಾಗವನ್ನು ಮಂಜು ಹೀರಿಕೊಳ್ಳುತ್ತ ಹೋಗುತ್ತದೆ, ಉಳಿದು ಹೊರಬರುವುದು ನೀಲಿ. ನನ್ನ ತೊಟ್ಟಿಯ ತುಂಡಿನ ತಿಳಿಯಾದ ಅಂಚಿನಲ್ಲಿ ನೀಲಿ ಕಾಣದಿದ್ದುದಕ್ಕೆ ಕಾರಣ ಇಷ್ಟೇ: ಬಣ್ಣ ಮೂಡುವುದಕ್ಕೆ ಬೆಳಕು ಕೆಲವು ಮೀಟರುಗಳಷ್ಟಾದರೂ ಒಳಗೆ ಹಾದು ಬರಬೇಕು, ಒಂದು ಗೇಣು ಸಾಲದು. ಹಿಮಬಂಡೆಗಳಲ್ಲಿ ಕಾಣುವ ಕಪ್ಪು ಪಟ್ಟೆಗಳು ಜ್ವಾಲಾಮುಖಿಯ ಬೂದಿ. ವಾಟ್ನಾಯೋಕುಲ್‌ನ ಹಿಮದಡಿಯಲ್ಲಿಯೇ ಗ್ರಿಮ್ಸ್‌ವೋಟ್ನ್‌ನಂಥ ಜ್ವಾಲಾಮುಖಿಗಳಿದ್ದು, ಗ್ರಿಮ್ಸ್‌ವೋಟ್ನ್ 2011ರಲ್ಲಿಯೂ ಸಿಡಿದಿತ್ತು. ಬಿದ್ದ ಬೂದಿಯ ಮೇಲೆ ಮತ್ತೆ ಹಿಮ ಬೀಳುತ್ತದೆ, ಪದರ ಹಾಗೆಯೇ ಉಳಿಯುತ್ತದೆ.

ತೊಟ್ಟಿಯಲ್ಲಿ ಇನ್ನೊಂದು ಸಂಗತಿ ಕಂಡಿತು. ಗಡ್ಡೆಯ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನೀರೊಳಗಿರುತ್ತದೆಂದು ಎಲ್ಲರೂ ಓದಿರುತ್ತೇವೆ. ಆದರೆ ನೀರಿಗೆ ತಾಗಿದ ಭಾಗ ಗಾಳಿಗೆ ತಾಗಿದ ಭಾಗಕ್ಕಿಂತ ಬೇಗ ಕರಗುವುದರಿಂದ, ಕೆಳಗಿನ ಭಾರ ಕಡಿಮೆಯಾಗುತ್ತ ಬಂದು, ಸುಮಾರು ಮುಕ್ಕಾಲು ಗಂಟೆಯ ಹೊತ್ತಿಗೆ ನನ್ನ ತುಂಡು ಮೆಲ್ಲಗೆ ವಾಲಿ, ಒಮ್ಮೆಲೇ ಮಗುಚಿಕೊಂಡಿತು. ಮೇಲೆ ಬಂದ ಹೊಸ ಮೈ ನುಣುಪಾಗಿ, ಒದ್ದೆಯಾಗಿ, ಮೊದಲಿನ ಮುಖಕ್ಕಿಂತ ಎಷ್ಟೋ ತಿಳಿಯಾಗಿತ್ತು. ಯೋಕುಲ್‌ಸಾರ್ಲೋನ್‌ನಲ್ಲಿ ಗಾಢ ನೀಲಿಯ ಬಂಡೆ ಕಂಡರೆ ಅದು ಹೊಸದಾಗಿ ಒಡೆದದ್ದು ಇಲ್ಲವೇ ಈಚೆಗೆ ಮಗುಚಿದ್ದು ಎಂದು ತಿಳಿಯಬೇಕು. ಬಿಸಿಲು ಗಾಳಿಗೆ ಒಡ್ಡಿಕೊಂಡ ಮೈಯಲ್ಲಿ ಸಣ್ಣ ಬಿರುಕುಗಳು ಮೂಡಿ ಅದು ಮತ್ತೆ ಬಿಳಿಯಾಗಿಬಿಡುತ್ತದೆ. ಹಾಗಾಗಿ ನೀಲಿ ಸಿಕ್ಕಾಗ ನಾಳೆಗೆಂದು ಬಿಡಬಾರದು.

ಈ ನೀಲಿಯನ್ನು ಕ್ಯಾಮೆರಾ ತಾನಾಗಿಯೇ ಹಾಳುಮಾಡುವುದುಂಟು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳುಪನ್ನು ತಾನೇ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ ಬಿಟ್ಟರೆ, ಚೌಕಟ್ಟಿನ ತುಂಬ ನೀಲಿಯನ್ನು ಕಂಡ ಕ್ಯಾಮೆರಾ ಅದನ್ನು ದೋಷವೆಂದು ಬಗೆದು ಹಳದಿಯನ್ನು ಬೆರೆಸುತ್ತದೆ. ವೈಟ್ ಬ್ಯಾಲೆನ್ಸನ್ನು 5200ರಿಂದ 5500 ಕೆಲ್ವಿನ್ ಸುಮಾರಿಗೆ ನಿಲ್ಲಿಸಿ, ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರದಲ್ಲಿ) ತೆಗೆಯುವುದು ಕ್ಷೇಮ. ಹಿಸ್ಟೋಗ್ರಾಮನ್ನೂ ಮೂರು ಬಣ್ಣಗಳಲ್ಲಿ ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಒಟ್ಟು ಗ್ರಾಫ್ ಸರಿಯಿದ್ದರೂ ನೀಲಿಯ ಚಾನೆಲ್ ಮಾತ್ರ ಗೋಡೆ ದಾಟಿರುವ ಸಾಧ್ಯತೆ ಇರುತ್ತದೆ.

ಸೂರ್ಯನ ಎತ್ತರ

ಋತುಗಳ ಭೇದವನ್ನು ತಿಳಿಯಲು ಒಂದು ಸರಳ ಲೆಕ್ಕ ಸಾಕು. ಯೋಕುಲ್‌ಸಾರ್ಲೋನ್‌ನಲ್ಲಿ ಜೂನ್ ತಿಂಗಳ ಅತಿ ದೀರ್ಘ ದಿನದ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ರಾಯಚೂರಿನಲ್ಲಿ ಡಿಸೆಂಬರಿನ ಅತಿ ಗಿಡ್ಡ ದಿನದ ನಡುಹಗಲಿನಲ್ಲಿ ಅವನ ಎತ್ತರ ಸುಮಾರು 50 ಡಿಗ್ರಿ. ಅಂದರೆ ಅವರ ನಡುಬೇಸಿಗೆಯ ಮಧ್ಯಾಹ್ನದ ನೆರಳಿನ ಉದ್ದವನ್ನು ನಾವು ನಮ್ಮ ನಡುಚಳಿಗಾಲದ ಮಧ್ಯಾಹ್ನದಲ್ಲಿ, ರಾಯಚೂರಿನ ಕೋಟೆಯ ಗೋಡೆಯ ಬುಡದಲ್ಲಿ ನಿಂತು ಅಳೆದುಕೊಳ್ಳಬಹುದು. ಈ ಲೆಕ್ಕ ಕೈಗೆ ಬಂದ ದಿನ ನನಗೆ ಆದ ಸಂತೋಷವನ್ನು ಮರೆಯಲಾರೆ. ಆ ದೂರದ ಊರಿನ ಬಿಸಿಲು ಒಮ್ಮೆಲೇ ನಮ್ಮ ಅಂಗಳಕ್ಕೆ ಬಂದಂತಾಯಿತು.

ಅವರ ಡಿಸೆಂಬರಿಗೆ ಮಾತ್ರ ನಮ್ಮಲ್ಲಿ ಸಾಟಿಯಾದ ನಡುಹಗಲಿಲ್ಲ. ಆಗ ಅಲ್ಲಿ ಸೂರ್ಯ ನಡುಹಗಲಿನಲ್ಲಿಯೂ ದಿಗಂತದಿಂದ ಎರಡೂವರೆ ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಹಗಲೇ ನಾಲ್ಕು ಗಂಟೆಗಳ ಆಸುಪಾಸಿನದು. ನಮ್ಮಲ್ಲಿ ಸೂರ್ಯ ಆ ಎತ್ತರದಲ್ಲಿ ಇರುವುದು ಮುಳುಗುವ ಮುನ್ನ ಹತ್ತು ನಿಮಿಷ ಮಾತ್ರ. ಮಾರ್ಚ್ ಮತ್ತು ಸೆಪ್ಟೆಂಬರಿನ ಸಮರಾತ್ರಿಯ ದಿನಗಳಲ್ಲಿ ಸೂರ್ಯ ಕೊನೆಯ ಆರು ಡಿಗ್ರಿ ಇಳಿಯಲು ರಾಯಚೂರಿನಲ್ಲಿ ಸುಮಾರು 25 ನಿಮಿಷ ಬೇಕಾದರೆ, ಅಲ್ಲಿ ಸುಮಾರು 55 ನಿಮಿಷ ಬೇಕು, ಏಕೆಂದರೆ ಅಲ್ಲಿ ಸೂರ್ಯ ನೇರವಾಗಿ ಇಳಿಯದೆ ಓರೆಯಾಗಿ ಜಾರುತ್ತಾನೆ. ಸಂಜೆಯ ಹೊನ್ನಬೆಳಕಿನಲ್ಲಿ ಅವಸರಪಟ್ಟು ಓಡಾಡುವ ನಮ್ಮ ಅಭ್ಯಾಸವನ್ನು ಅಲ್ಲಿ ಬಿಡಬೇಕಾಗುತ್ತದೆ.

ಚಳಿಗಾಲ

ನನ್ನ ಅಭಿಪ್ರಾಯದಲ್ಲಿ ನಾಲ್ಕರಲ್ಲಿ ಇದೇ ಶ್ರೇಷ್ಠ. ಕಪ್ಪು ಮರಳಿನ ದಂಡೆ ಆಗ್ನೇಯಕ್ಕೆ, ಕಡಲಿಗೆ ಮುಖಮಾಡಿದೆ. ಚಳಿಗಾಲದ ಸೂರ್ಯ ಆಗ್ನೇಯದಲ್ಲಿ ಹುಟ್ಟಿ, ದಕ್ಷಿಣದಲ್ಲಿಯೇ ತಗ್ಗಾಗಿ ಸಾಗಿ, ನೈಋತ್ಯದಲ್ಲಿ ಮುಳುಗುತ್ತಾನೆ. ಆದ್ದರಿಂದ ಕಡಲಿನ ಕಡೆಗೆ ತಿರುಗಿ ನಿಂತವರಿಗೆ, ದಂಡೆಯ ಮೇಲೆ ಬಿದ್ದ ಪ್ರತಿಯೊಂದು ಮಂಜಿನ ತುಂಡಿನ ಹಿಂದಿನಿಂದ ಬೆಳಕು ಹಾದು ಬರುತ್ತದೆ. ಹಿಂದಿನಿಂದ ಬಂದ ಬೆಳಕೇ ಮಂಜನ್ನು ಬೆಳಗಿಸುವುದು; ಮುಂದಿನಿಂದ ಬಿದ್ದ ಬೆಳಕು ಅದರ ಮೇಲ್ಮೈಯನ್ನಷ್ಟೇ ತೋರಿಸುತ್ತದೆ. ಬೆಳಗಾಗದ ಹೊತ್ತಿನಲ್ಲಿ ಅದೇ ತೊಟ್ಟಿಯ ತುಂಡನ್ನು ಟಾರ್ಚಿನ ಎದುರಿಗೆ ಒಮ್ಮೆ, ಟಾರ್ಚಿನ ಪಕ್ಕದಿಂದ ಒಮ್ಮೆ ನೋಡಿದರೆ ಈ ಭೇದ ಯಾರಿಗಾದರೂ ಮನದಟ್ಟಾಗುತ್ತದೆ.

ದಂಡೆಯಲ್ಲಿ ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗಿಳಿಸಿ, ಅಲೆ ಬಂದು ಹಿಂದಕ್ಕೆ ಸರಿಯುವ ಗಳಿಗೆಯಲ್ಲಿ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ಶಟರನ್ನು ತೆರೆದಿಟ್ಟರೆ, ಹಿಂದಿರುಗುವ ನೊರೆ ಮಂಜಿನ ತುಂಡಿನ ಎರಡೂ ಬದಿಯಲ್ಲಿ ಬಿಳಿಯ ಗೆರೆಗಳಾಗಿ ಉಳಿಯುತ್ತದೆ. ಬೆಳಕು ಹೆಚ್ಚಿದ್ದರೆ ಅದನ್ನು ತಗ್ಗಿಸುವ ಬೂದು ಗಾಜಾದ ಎನ್‌ಡಿ ಫಿಲ್ಟರ್ ಬೇಕು. ಟ್ರೈಪಾಡಿನ ಕಾಲುಗಳನ್ನು ಮರಳಿನೊಳಕ್ಕೆ ಬಲವಾಗಿ ಒತ್ತಿ, ಒಂದೆರಡು ಅಲೆಗಳು ಹಾದುಹೋಗುವವರೆಗೆ ಕಾಯಬೇಕು, ಏಕೆಂದರೆ ಅಲೆ ಹಿಂದೆ ಸರಿಯುವಾಗ ಕಾಲಿನ ಸುತ್ತಲಿನ ಮರಳನ್ನು ಕೊರೆದೊಯ್ಯುತ್ತದೆ, ಟ್ರೈಪಾಡ್ ಕುಸಿಯುತ್ತದೆ. ಕಡಲಿಗೆ ಬೆನ್ನು ಮಾಡಿ ನಿಲ್ಲಬಾರದು. ಅಲ್ಲಿನ ಅಲೆಗಳು ಮುನ್ಸೂಚನೆಯಿಲ್ಲದೆ ದೊಡ್ಡದಾಗಿ ಬಂದು ಜನರನ್ನೂ ಮಂಜಿನ ತುಂಡುಗಳನ್ನೂ ಒಟ್ಟಿಗೆ ಎಳೆದುಕೊಳ್ಳುತ್ತವೆ. ಸರೋವರದ ಮೇಲ್ಮೈ ಹೆಪ್ಪುಗಟ್ಟಿರುವಾಗಲೂ ಅದರ ಮೇಲೆ ಕಾಲಿಡಬಾರದು.

ಚಳಿಗಾಲದಲ್ಲಿ ಸೀಲ್‌ಗಳು ಮೀನಿಗಾಗಿ ಸರೋವರಕ್ಕೆ ಬಂದು ಬಂಡೆಗಳ ಮೇಲೆ ಮಲಗಿರುತ್ತವೆ. ಹಿಮಬಂಡೆಯ ಗಾತ್ರವನ್ನು ಚಿತ್ರದಲ್ಲಿ ತಿಳಿಸಲು ಅವುಗಳಿಗಿಂತ ಒಳ್ಳೆಯ ಅಳತೆಗೋಲಿಲ್ಲ. 200 ಮಿಲಿಮೀಟರ್ ಅಥವಾ ಅದಕ್ಕೂ ಉದ್ದದ ಲೆನ್ಸಿನಿಂದ, ದೂರದಲ್ಲಿಯೇ ನಿಂತು ತೆಗೆಯಬೇಕು.

ವಸಂತ, ಬೇಸಿಗೆ

ವಸಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗಲು ದಿನದಿನಕ್ಕೂ ಬೆಳೆಯುತ್ತದೆ, ಮೇ ತಿಂಗಳಲ್ಲಿ ಆರ್ಕ್‌ಟಿಕ್ ಟರ್ನ್ ಹಕ್ಕಿಗಳು ಗೂಡು ಕಟ್ಟಲು ಬಂದಿರುತ್ತವೆ, ದೋಣಿಗಳೂ ಓಡಾಡತೊಡಗುತ್ತವೆ. ದೋಣಿಯಿಂದ ತೆಗೆಯುವಾಗ ನಾವೂ ಅಲುಗುತ್ತಿರುತ್ತೇವೆ, ಬಂಡೆಯೂ ಅಲುಗುತ್ತಿರುತ್ತದೆ. ಶಟರ್ ವೇಗ ಸೆಕೆಂಡಿನ 500ರಲ್ಲಿ ಒಂದು ಭಾಗಕ್ಕಿಂತ ನಿಧಾನವಾಗಬಾರದು. ಇದರ ತಾಲೀಮಿಗೆ ಗಂಗಾವತಿ ಕಡೆಯ ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿ, ದಡದ ಗುಂಡುಗಲ್ಲುಗಳನ್ನು ತೆಗೆದು ನೋಡಿ. ಹರಿಗೋಲು ತಿರುಗುವಂತೆ ಯಾವ ದೋಣಿಯೂ ತಿರುಗುವುದಿಲ್ಲ. ಅದರಲ್ಲಿ ಸ್ಪಷ್ಟವಾದ ಚಿತ್ರ ಬಂದರೆ ಎಲ್ಲಿಯೂ ಬರುತ್ತದೆ.

ಬೇಸಿಗೆಯಲ್ಲಿ ನಡುರಾತ್ರಿಯ ಹೊತ್ತಿನಲ್ಲಿಯೇ ಕೆಲಸ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗಿದರೂ ದಿಗಂತದಿಂದ ಎರಡೂವರೆ ಡಿಗ್ರಿಯಷ್ಟೇ ಕೆಳಗೆ ಹೋಗುವುದರಿಂದ ಕತ್ತಲಾಗುವುದೇ ಇಲ್ಲ. ವಾಯವ್ಯದಲ್ಲಿ ಮುಳುಗಿ ಈಶಾನ್ಯದಲ್ಲಿ ಹುಟ್ಟುವ ನಡುವಿನ ಹೊತ್ತಿನಲ್ಲಿ ಹಿಮನದಿಯ ಹಿಂದಿನ ಆಕಾಶ ಗುಲಾಬಿಯಾಗಿರುತ್ತದೆ. ಆಗ ದಂಡೆಯನ್ನು ಬಿಟ್ಟು ಸರೋವರದ ಕಡೆಗೆ, ಉತ್ತರಕ್ಕೆ ಮುಖಮಾಡಬೇಕು. ಹಗಲಿನಲ್ಲಿ ಮೋಡ ಕವಿದರೆ ಬೇಸರಪಡುವವರಿದ್ದಾರೆ, ಆದರೆ ಮೋಡದ ಕೆಳಗೆ ಮೇಲ್ಮೈಯ ಝಗಝಗ ಇಲ್ಲವಾಗಿ, ಬಿರುಕಿನೊಳಗಿನ ನೀಲಿ ಬಿಸಿಲಿನ ದಿನಕ್ಕಿಂತ ಗಾಢವಾಗಿ ಕಾಣುತ್ತದೆ. ಪೋಲರೈಸರ್ ಫಿಲ್ಟರ್ ಬಳಸಿದರೆ ನೀರಿನ ಪ್ರತಿಫಲನ ಅಳಿದು ಬಂಡೆಯ ಮುಳುಗಿದ ಭಾಗವೂ ಕಾಣಿಸುತ್ತದೆ. ಆದರೆ ನಿಂತ ನೀರಿನ ಪ್ರತಿಬಿಂಬವೇ ಬೇಕಾದಾಗ ಅದನ್ನು ಬಿಚ್ಚಿಡಬೇಕು.

ಶರತ್ಕಾಲ

ಆಗಸ್ಟ್ ಕೊನೆಯಿಂದ ರಾತ್ರಿಗಳು ಮತ್ತೆ ಕಪ್ಪಾಗುತ್ತವೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ರಾತ್ರಿಯ ಆಕಾಶದಲ್ಲಿ ಹರಡುವ ಬಣ್ಣದ ಬೆಳಕಾದ ಧ್ರುವಪ್ರಭೆ ಕಾಣುವ ಅವಕಾಶವಿರುತ್ತದೆ, ಮತ್ತು ಸರೋವರ ಇನ್ನೂ ಹೆಪ್ಪುಗಟ್ಟಿರದ ಕಾರಣ ಆ ಪ್ರಭೆಯ ಹಸಿರು ನೀರಿನಲ್ಲಿಯೂ ಮೂಡುತ್ತದೆ. ಲೆನ್ಸಿನ ತೆರವು ಎಫ್ 2.8, ಬೆಳಕಿನ ಸಂವೇದನೆ ಐಎಸ್‌ಒ 1600ರಿಂದ 3200, ಶಟರ್ 5ರಿಂದ 15 ಸೆಕೆಂಡ್ ಎಂಬುದು ಆರಂಭಕ್ಕೆ ಸರಿಯಾದ ಅಳತೆ. ಕಷ್ಟ ಇರುವುದು ಬೇರೆ ಕಡೆ: 15 ಸೆಕೆಂಡಿನಲ್ಲಿ ತೇಲುವ ಬಂಡೆ ಜರುಗಿ ಮಸುಕಾಗುತ್ತದೆ. ತಳ ತಾಗಿ ನಿಂತ ಬಂಡೆಯನ್ನು ಕತ್ತಲಾಗುವ ಮುನ್ನವೇ ಗುರುತಿಸಿಟ್ಟುಕೊಳ್ಳಬೇಕು. ಗುರುತಿಸುವ ಬಗೆ ಸುಲಭ: ಟ್ರೈಪಾಡಿನಲ್ಲಿ ಒಂದೇ ಚೌಕಟ್ಟನ್ನು ಐದು ನಿಮಿಷದ ಅಂತರದಲ್ಲಿ ಎರಡು ಬಾರಿ ತೆಗೆದು ಹೋಲಿಸಿದರೆ ಯಾವುದು ನಿಂತಿದೆ, ಯಾವುದು ಹೊರಟಿದೆ ಎಂದು ತಿಳಿಯುತ್ತದೆ. ಅರ್ಧ ಚಂದ್ರನಿದ್ದರೆ ಬಂಡೆಗಳಿಗೆ ತೆಳುವಾದ ಬೆಳಕು ಸಿಗುತ್ತದೆ. ಅಮಾವಾಸ್ಯೆಗಾಗಿ ಕಾಯುವುದು ಇಲ್ಲಿ ಲಾಭವಲ್ಲ.

ಉಪಕರಣದ ಬಗ್ಗೆ ಒಂದು ಮಾತು. ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ, ಬಿಡಿ ಬ್ಯಾಟರಿಗಳನ್ನು ಅಂಗಿಯ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು. ಮುಂಗಾರಿನ ದಿನ ಏಸಿ ಕೋಣೆಯಿಂದ ಹೊರಗೆ ಬಂದೊಡನೆ ನಮ್ಮ ಲೆನ್ಸಿಗೆ ಹಬೆ ಕಟ್ಟುವುದಲ್ಲವೇ, ಅಲ್ಲಿ ಹೊರಗಿನ ಚಳಿಯಿಂದ ಬೆಚ್ಚಗಿನ ಕೋಣೆಗೆ ಹೋದಾಗ ಅದೇ ಆಗುತ್ತದೆ, ತೇವ ಕ್ಯಾಮೆರಾದ ಒಳಕ್ಕೂ ಇಳಿಯುತ್ತದೆ. ಆದ್ದರಿಂದ ಹೊರಗಿರುವಾಗಲೇ ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಎಳೆದು, ಕೋಣೆಯಲ್ಲಿ ಒಂದೆರಡು ಗಂಟೆ ಹಾಗೆಯೇ ಬಿಡಬೇಕು. ಜಿಪ್ ಎಳೆಯುವ ಮುನ್ನ ಮೆಮೊರಿ ಕಾರ್ಡನ್ನು ತೆಗೆದಿಟ್ಟುಕೊಂಡರೆ, ಕ್ಯಾಮೆರಾ ಬೆಚ್ಚಗಾಗುವಷ್ಟರಲ್ಲಿ ಆ ದಿನದ ಚಿತ್ರಗಳನ್ನು ನೋಡಿ, ಎಲ್ಲಿ ಬಿಳುಪು ಗೋಡೆ ದಾಟಿದೆಯೆಂದು ಗುರುತು ಹಾಕಿಕೊಳ್ಳಬಹುದು.